ಹನ್ನೆರಡನೆಯ ಪುಟದ ಸೂರ್ಯ

ಚೆಂಬೂರು, ಮುಂಬಯಿ
೧೪ ಡಿಸೆಂಬರ್ ೧೯೯೧, ಶನಿವಾರ

ಪ್ರೀತಿಯ ತಂಗಿ ವನಮಾಲಾ,

ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ, ನನ್ನ ಒಂದು ಪದ್ಯವನ್ನು ಬಿಟ್ಟು. ಉಳಿದದ್ದನ್ನು ಆಮೇಲೆ ಓದು, ಮೊದಲು ಎದ್ದು ಪ್ರೆಸ್ಸಿಗೆ ಹೋಗು. ನಿಮ್ಮ ಶಿಕ್ಷಕಿಯರ ಬಳಗ ಅಚ್ಚು ಹಾಕಿಸುತ್ತಿರುವ ‘ಪಾಠಕ್ಕೊಂದು ಪದ್ಯ’ ಪುಸ್ತಕದ ಹನ್ನೆರಡನೆಯ ಪುಟವನ್ನು ನಿಲ್ಲಿಸು. ಇಪ್ಪತ್ತೈದಕ್ಕೆ ಅಚ್ಚು ಶುರು ಎಂದು ಬರೆದಿದ್ದೆಯಲ್ಲ. ಈ ಕಾಗದ ಐದು ದಿನಕ್ಕೆ ಮೈಸೂರು ಮುಟ್ಟಿದರೂ ಹೊತ್ತಿದೆ. ತಂತಿ ಕೊಡೋಣ ಅಂದುಕೊಂಡೆ. ‘ಸೂರ್ಯ ತಪ್ಪು, ತಕ್ಷಣ ನಿಲ್ಲಿಸು’ ಎಂದು ತಂತಿ ಬಂದರೆ ನಿನ್ನ ಅತ್ತೆ ಅಮ್ಮಣ್ಣಿಯವರು ಊಟ ಬಿಟ್ಟು ದೇವರ ಮುಂದೆ ಕೂತಾರೆಂದು ಸುಮ್ಮನಾದೆ.

ಆ ಪದ್ಯ ನಿನಗೂ ಬಾಯಿಪಾಠ:

ಹತ್ತಿರ ಬಂದರೆ ಸೂರ್ಯಪ್ಪ,
ಬೇಸಿಗೆ ಸೆಕೆಯ ತಾಳೆವಪ್ಪ!
ದೂರಕೆ ಹೋದರೆ ಸೂರ್ಯಪ್ಪ,
ಚಳಿಗೆ ಕಂಬಳಿ ತಾರಪ್ಪ!

ಆಂಟಾಪ್ ಹಿಲ್‌ನ ನಮ್ಮ ಕನ್ನಡ ಶಾಲೆಯಲ್ಲಿ ಹದಿನಾಲ್ಕು ವರ್ಷ ಇದನ್ನು ಹಾಡಿಸಿದ್ದೇನೆ. ವಿಜ್ಞಾನದ ಮೇಷ್ಟ್ರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಕನ್ನಡ ಬಿ.ಎ. ಮಾಡಿದ ನನ್ನ ಕೈಗೇ ಭೂಮಿ, ಸೂರ್ಯ, ಕಪ್ಪೆಯ ಜಠರ ಎಲ್ಲವೂ ಬಂದವು. ಗೊತ್ತಿದ್ದದ್ದನ್ನು ವಿವರಿಸಿದೆ, ಗೊತ್ತಿಲ್ಲದ್ದಕ್ಕೆ ಪ್ರಾಸ ಹಾಕಿದೆ. ಪ್ರಾಸವಿದ್ದಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ.

ಕೇಳಿದವಳು ಎಂಟನೆಯ ತರಗತಿಯ ಚನ್ನವ್ವ. ಗುಲ್ಬರ್ಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಬಂಡೆಪ್ಪನ ಮಗಳು. ಈ ತಿಂಗಳ ಮೊದಲಲ್ಲಿ ವಾಚ್‌ಮನ್ನನ ಕೋಣೆಯ ಟಿವಿಯಲ್ಲಿ ಆಸ್ಟ್ರೇಲಿಯಾದ ಕ್ರಿಕೆಟ್ ನೋಡಿ ಬಂದವಳು ಕ್ಲಾಸಿನಲ್ಲಿ ಎದ್ದು ನಿಂತಳು. “ಟೀಚರ್, ಇಲ್ಲಿ ನಮಗ ಮುಂಜಾನೆ ಥಂಡಿ ಹತ್ತೇತ್ರಿ. ಅಲ್ಲಿ ಮಂದಿ ಅಂಗಿ ಬಿಚ್ಚಿ ಕುಂತಾರ್ರಿ. ಸೂರ್ಯಪ್ಪ ದೂರ ಹೋದ್ರ ಎಲ್ಲಾರಿಗೂ ದೂರ ಹೋಗಬೇಕಲ್ರಿ?” ಹಿಂದಿನ ಬೆಂಚಿನಿಂದ ಯಾವನೋ, “ಅದು ಕಲರ್ ಟಿವಿ ಸೂರ್ಯ, ಬ್ಯಾರೆ ಇರ್ತಾನ, ಕುಂದುರು!” ಎಂದ. ನಾನು ‘ನಾಳೆ ಹೇಳುತ್ತೇನೆ’ ಎಂದೆ. ನಾಳೆ ಎನ್ನುವುದು ಶಿಕ್ಷಕರ ಹಳೆಯ ಕೊಡೆ, ಎಂಥ ಮಳೆಗೂ ಬಿಚ್ಚಬಹುದು.

ಸಂಜೆ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಮೂರನೆಯ ಮಹಡಿಯ ಜಯಸಿಂಹ ಸಿಕ್ಕರು. ಸಂಶೋಧನಾ ಸಂಸ್ಥೆಯೊಂದರಲ್ಲಿ ಕಂಪ್ಯೂಟರಿನ ಕೆಲಸ ಅವರದು. ವಿಷಯ ಕೇಳಿ ನಕ್ಕರು. “ಪುಸ್ತಕದಲ್ಲಿ ಯಾಕೆ ಹುಡುಕ್ತೀರಿ ಮೇಡಂ? ಅಲ್ಲಿರೋರನ್ನೇ ಕೇಳಿಬಿಡೋಣ.” ಅವರ ಕಂಪ್ಯೂಟರು ಟೆಲಿಫೋನಿನ ತಂತಿ ಹಿಡಿದು ಹೊರದೇಶದ ಕಂಪ್ಯೂಟರುಗಳ ಜೊತೆ ಮಾತಾಡುತ್ತದಂತೆ. ಅದಕ್ಕೆ ಇಂಟರ್‌ನೆಟ್ ಎಂದು ಹೆಸರು. ಆಸ್ಟ್ರೇಲಿಯಾದ ಪರ್ತ್ ಊರಿನ ವಿಶ್ವವಿದ್ಯಾಲಯದಲ್ಲಿ ಅವರ ಪರಿಚಯದವರಿದ್ದಾರೆ. ಆತನ ಹೆಂಡತಿ ಶಾಲೆಯ ಟೀಚರು. “ಸ್ಟಾಂಪ್ ಬೇಡ, ಪೋಸ್ಟ್‌ಮನ್ ಬೇಡ. ಇವತ್ತು ಕಳಿಸಿದ್ರೆ ನಾಳೆ ಉತ್ತರ. ದೀಪಾವಳಿ ಭಕ್ಷೀಸೂ ಕೇಳಲ್ಲ.”

ಮಾರನೆಯ ದಿನ ಕ್ಲಾಸು ನೋಡಬೇಕಿತ್ತು ನೀನು! ಇಂಗ್ಲಿಷ್ ಪೀರಿಯಡ್ಡಿನಲ್ಲಿ ತೂಕಡಿಸುವವರು ಒಂದು ಇಂಗ್ಲಿಷ್ ವಾಕ್ಯಕ್ಕಾಗಿ ಜಗಳವಾಡಿದರು. ‘ಅಲ್ಲಿ ಸೆಕೆ ಇದೆಯೇ’ ಎಂದು ಬರೆಯಲು ಹೊರಟಾಗ ಚನ್ನವ್ವ ತಡೆದಳು. “ಸೆಕಿ ಐತೇನು ಅಂದ್ರ ಯಾರ ಬೇಕಾದ್ರೂ ಹೂಂ ಅಂತಾರ್ರಿ. ಮಧ್ಯಾಹ್ನ ನೆಳ್ಳು ಎಷ್ಟುದ್ದ ಬೀಳ್ತದ ಕೇಳ್ರಿ. ನೆಳ್ಳು ಸುಳ್ಳು ಹೇಳಂಗಿಲ್ಲ.”

ಪರ್ತಿನ ಟೀಚರು ಒಪ್ಪಿದರು. ಮಂಗಳವಾರ, ಅಂದರೆ ಹತ್ತನೆಯ ತಾರೀಕು, ಎರಡೂ ಶಾಲೆಯಲ್ಲಿ ಒಂದೊಂದು ಮೀಟರ್ ಕೋಲು ನೆಟ್ಟಗೆ ನಿಂತಿತು. ನಡುಹಗಲು ನೆರಳು ಅತಿ ಗಿಡ್ಡವಾದಾಗ ನಮ್ಮದು ತೊಂಬತ್ತು ಸೆಂಟಿಮೀಟರ್, ಉತ್ತರಕ್ಕೆ. ಬುಧವಾರ ಸಂಜೆ ಜಯಸಿಂಹ ಅಂಚಿಗೆ ತೂತುಗಳಿರುವ ಉದ್ದನೆಯ ಕಂಪ್ಯೂಟರ್ ಕಾಗದದಲ್ಲಿ ಉತ್ತರ ತಂದುಕೊಟ್ಟರು. ಪರ್ತಿನವರದು ಬರೀ ಹದಿನಾರು ಸೆಂಟಿಮೀಟರ್, ಅದೂ ದಕ್ಷಿಣಕ್ಕೆ! ಮಕ್ಕಳು ಬಿಸಿಲಿಗೆ ಟೋಪಿ ಹಾಕಿಕೊಂಡು ಅಳೆದರಂತೆ. ಭೂಮಿ ವಾಲಿಕೊಂಡು ತಿರುಗುವುದರಿಂದ ಈಗ ಅವರ ಪಾಲಿಗೆ ಸೂರ್ಯ ನೆತ್ತಿಯ ಹತ್ತಿರ, ನಮ್ಮ ಪಾಲಿಗೆ ಓರೆ. ಕೊನೆಗೊಂದು ಸಾಲು ಬೇರೆ: ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದೇ ಜನವರಿಯಲ್ಲಂತೆ. ನಾವು ಕಂಬಳಿ ಹೊದೆಯುವ ಕಾಲದಲ್ಲಿ ಸೂರ್ಯಪ್ಪ ಪಕ್ಕದಲ್ಲೇ ಕೂತಿರುತ್ತಾನೆ, ವನಮಾಲಾ!

ಗುರುವಾರ ಕ್ಲಾಸಿನಲ್ಲಿ ಆ ಕಾಗದವನ್ನು ಓದಿ, ನನ್ನ ಪದ್ಯ ಸುಳ್ಳು ಎಂದೆ. ಆಮೇಲೆ ಎಂಥ ಗದ್ದಲವೆಂದರೆ ಹೆಡ್‌ಮಾಸ್ಟರ್ ಬಸವಂತರಾಯರು ಓಡಿ ಬಂದರು. “ಪರೀಕ್ಷಾದಾಗ ಮಕ್ಕಳು ಏನ್ ಬರೀಬೇಕ್ರಿ ಈಗ?” ಎಂದು ಅವರ ಚಿಂತೆ. ‘ಅಳೆದದ್ದನ್ನು’ ಎಂದೆ. ಅಂದಿನಿಂದ ಮಕ್ಕಳು ‘ನಾಲ್ಕನೆಯ ಪ್ರಶ್ನೆಗೆ ಉತ್ತರ ಹೇಳಿ’ ಎನ್ನುವುದನ್ನು ಬಿಟ್ಟಿದ್ದಾರೆ. ‘ಇದನ್ನು ಯಾರನ್ನು ಕೇಳೋಣ’ ಎನ್ನುತ್ತಾರೆ. ಮೂವತ್ತೊಂದು ಪ್ರಶ್ನೆಗಳ ಪಟ್ಟಿ ಸಿದ್ಧವಾಗಿದೆ. ಜಯಸಿಂಹ ನನಗೆ ಕೇಳಿಸದಂತೆ ಮೆಟ್ಟಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಾರೆ. ಈ ವಯಸ್ಸಿನಲ್ಲಿ ಶಾಲೆಗೆ ಹೋಗಲು ಬಸ್ಸಿನ ಹಿಂದೆ ಓಡುತ್ತಿದ್ದೇನೆ ಎಂದರೆ ನಂಬುತ್ತೀಯಾ?

ನಿಜ ಹೇಳಲೇ, ಮದುವೆಯ ಲಗ್ನಪತ್ರಿಕೆ ಬಿಟ್ಟರೆ ನನ್ನ ಹೆಸರು ಅಚ್ಚಾಗಲಿದ್ದದ್ದು ಆ ಹನ್ನೆರಡನೆಯ ಪುಟದಲ್ಲಿ ಮಾತ್ರ. ಗುರುವಾರ ಸಂಜೆಯೆಲ್ಲ ‘ಮೈಸೂರಿಗೆ ಯಾಕೆ ತಿಳಿಯಬೇಕು, ಹಾಡಲಿಕ್ಕೆ ಚೆನ್ನಾಗಿದೆಯಲ್ಲ’ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಐನೂರು ಪ್ರತಿ, ಪ್ರತಿಗೊಂದು ಶಾಲೆ, ಶಾಲೆಗೊಬ್ಬಳು ಚನ್ನವ್ವ. ಎಲ್ಲರಿಗೂ ಒಬ್ಬ ಜಯಸಿಂಹ ಸಿಗುವುದಿಲ್ಲ. ಆ ಪುಟಕ್ಕೆ ಇದನ್ನು ಹಾಕಿಸು, ಚನ್ನವ್ವನೇ ಕಟ್ಟಿದ್ದು:

ನೆತ್ತಿ ಮ್ಯಾಲೆ ಬಂದ ಸೂರ್ಯ,
ನೆಳ್ಳು ಗಿಡ್ಡ, ಬ್ಯಾಸಗಿ ಬಂತು.
ವಾರಿಗಿ ಸರದು ನಿಂತ ಸೂರ್ಯ,
ನೆಳ್ಳು ಉದ್ದ, ಥಂಡಿ ಬಂತು.

ಪ್ರಾಸ ಕೊಂಚ ಕುಂಟುತ್ತದೆ, ವಿಜ್ಞಾನ ನೆಟ್ಟಗೆ ನಡೆಯುತ್ತದೆ. ‘ವಾರಿಗಿ’ ಎಂದರೆ ಓರೆಗೆ; ಭಾಷೆ ತಿದ್ದಬೇಡ. ಕೆಳಗೆ ಅವಳ ಹೆಸರಿರಲಿ: ಚನ್ನವ್ವ ಬಂಡೆಪ್ಪ, ಎಂಟನೆಯ ತರಗತಿ.

ನಿನ್ನ ಅಕ್ಕ,
ಸುಮಿತ್ರಾ

ಮರೆತ ಮಾತು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಚನ್ನವ್ವ ಅಕ್ಟೋಬರಿನಲ್ಲೇ ಒಮ್ಮೆ ಕೇಳಿದ್ದಳು, ಸೂರ್ಯ ದೂರ ಹೋದರೆ ಸಣ್ಣಗೆ ಕಾಣಬೇಕಲ್ಲವೇ ಎಂದು. ಅಧಿಕಪ್ರಸಂಗವೆಂದು ನಾಲ್ಕು ದಿನ, ಊಟಕ್ಕೆ ಮುಂಚಿನ ಪೀರಿಯಡ್ಡು ಪೂರ್ತಿ, ಅವಳನ್ನು ಮೈದಾನದ ಧ್ವಜಕಂಬದ ಹತ್ತಿರ ಬಿಸಿಲಲ್ಲಿ ನಿಲ್ಲಿಸಿದೆ. ನೆರಳಿನ ಯೋಚನೆ ಹೇಗೆ ಬಂತೆಂದು ನಿನ್ನೆ ಕೇಳಿದರೆ, ಸಿಟ್ಟಿಲ್ಲದೆ ಹೇಳಿದಳು: “ನೀವ ನಿಲ್ಲಿಸಿದ್ರಲ್ರಿ ಟೀಚರ್. ಸುಮ್ನ ನಿಂತು ಏನ್ ಮಾಡ್ಲಿ? ಊಟದ ಗಂಟಿ ಆದಾಗ ದಿನಾ ಕಂಬದ ನೆಳ್ಳಿನ ತುದಿಗೆ ಒಂದು ಕಲ್ಲು ಊರಿದೆ. ದಿನಾ ಮುಂದ ಸರೀತಿತ್ರಿ.” ಆ ನಾಲ್ಕು ಕಲ್ಲು ಈಗಲೂ ಅಲ್ಲೇ ಇವೆ, ನೋಡಿಬಂದೆ. ಸೋಮವಾರ ಅದೇ ಪೀರಿಯಡ್ಡಿನಲ್ಲಿ ಆ ಕಂಬದ ಹತ್ತಿರ ನಾನು ನಿಲ್ಲುವವಳಿದ್ದೇನೆ. ಐದನೆಯ ಕಲ್ಲನ್ನು ಎಲ್ಲಿ ಇಡಬೇಕೆಂದು ಚನ್ನವ್ವ ತೋರಿಸಿಕೊಡುತ್ತಾಳಂತೆ.