ಹ್ಯಾಂಡಲ್‌ಗೆ ಸುತ್ತಿದ್ದ ಹುರಿ

ಶಶಿ,

ನಾನು ಮಗ್ಗದ ಮನೆಗೆ ಹೋಗ್ತಿದೀನಿ. ಮುದ್ದೆ, ಸೊಪ್ಪಿನ ಸಾರು ಮುಚ್ಚಿಟ್ಟಿದೀನಿ. ಅಪ್ಪನಿಗೆ ಬಡಿಸಿ ನೀನೂ ಉಣ್ಣು.

ರಿಪೇರಿ ಮುಗಿಸಿ ನಿನ್ನೆ ಮನೆಗೆ ತಂದ್ಯಲ್ಲ, ಅಪ್ಪನ ಇಟಲಿ ಬೈಕು, ನೋಡಿದೆ. ಬಣ್ಣದಿಂದ ಹಿಡಿದು ನಟ್ಟಿನವರೆಗೂ ಎಲ್ಲಾ ಒರಿಜಿನಲ್ ಅಂದೆ. ಸರಿ. ಅಪ್ಪ ಹ್ಯಾಂಡಲ್‌ಗೆ ಸುತ್ತಿದ್ದ ರೇಷ್ಮೆ ಹುರಿ, ಸ್ಟ್ಯಾಂಡಿಗೆ ಹಾಕಿದ್ದ ಮಗ್ಗದ ಸ್ಪ್ರಿಂಗು, ಎರಡನ್ನೂ ಗುಜರಿ ಚೀಲಕ್ಕೆ ತುಂಬಿದೀಯ. ಒಂದು ಮಾತು ಕೇಳೋಕಾಗ್ಲಿಲ್ವಾ? ಕಣ್ಣು ಹೋದಮೇಲೆ ಅವರು ಆ ಗಾಡೀನ ನೋಡ್ತಿದ್ದಿದ್ದೇ ಕೈಯಲ್ಲಿ ಕಣೋ.

ಬೆಳಗ್ಗೆ ಹ್ಯಾಂಡಲ್ ತಡವಿ, "ಯಾರ್ದೋ ಗಾಡಿ ನಮ್ಮನೇಲಿ ನಿಂತೈತೆ, ವಾಪಸ್ ಕೊಟ್ಬುಡಮ್ಮ" ಅಂದ್ರು. ನನಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. "ಹೂನಪ್ಪ, ಶಶಿ ಕೊಟ್ಟು ಬರ್ತಾನೆ" ಅಂದ್ಬಿಟ್ಟೆ.

ಚೀಲ ಗುಜರಿಯವನಿಗೆ ಹಾಕಿಲ್ಲ, ಬಾಗಿಲ ಹಿಂದಿದೆ. ಊಟಕ್ಕೆ ಮುಂಚೆ ಹ್ಯಾಂಡಲ್‌ಗೆ ನೀನು ಹಾಕಿರೋ ಆ ಇಟಲಿ ರಬ್ಬರು ಬಿಚ್ಚಿ ಹುರಿ ಸುತ್ತು. ಬಿಗಿಯಾಗಿ ಸುತ್ತು, ಅವರು ಸುತ್ತಿದ್ದ ಹಾಗೆ. ಸ್ಪ್ರಿಂಗು ನಿನ್ನಿಷ್ಟ.

ಈಗಲೂ ಅಂಗಳದಲ್ಲಿ ನಿಂತು, "ನಮ್ ಗಾಡಿ ಇನ್ನೂ ಬರ್ಲಿಲ್ವೇನಮ್ಮ" ಅಂತ ಕೇಳ್ತಿದಾರೆ. ಆ ಗಾಡಿಗೇ ಒರಗಿಕೊಂಡು.

ಅಕ್ಕ