ಕೊಳವೆ ತುದಿಯ ಮಣ್ಣು

ಏಪ್ರಿಲ್ 1, ಮಂಗಳವಾರ. ಐಡಾಹೊ

ಬೂಟಿನ ಕೆಸರು ಇನ್ನೂ ಒಣಗಿಲ್ಲ. ಏಪ್ರಿಲ್ ಒಂದಕ್ಕೆ ಕೆಸರು!

ಬೆಟ್ಟದ ಮೇಲಿನ ಹಿಮಮಾಪಕ ಯಂತ್ರ ಮೂರು ದಿನದಿಂದ ಸೊನ್ನೆ ಕಳಿಸುತ್ತಿತ್ತು. ಇಷ್ಟು ಹೊತ್ತಿಗೆ ಅಲ್ಲಿ ಎದೆಮಟ್ಟ ಹಿಮ ಇರಬೇಕು. ಕಚೇರಿಯ ಕಂಪ್ಯೂಟರು ಆ ಸೊನ್ನೆಯನ್ನು ನಂಬದೆ ‘ದೋಷ’ ಎಂದು ಗುರುತು ಹಾಕಿತು. ರಿಪೇರಿಗೆ ನಮ್ಮಿಬ್ಬರನ್ನು ಅಟ್ಟಿದರು.

“ಯಂತ್ರಾನೂ ಏಪ್ರಿಲ್ ಫೂಲ್ ಮಾಡ್ತಿದೆ ಕಣೇ,” ಅಂದು ನಕ್ಕ ಜೊತೆಗಾರ ವರ್ಲ್. ಹಿಮದ ಮೇಲೆ ಜಾರಲು ತಂದ ಸ್ಕೀಗಳನ್ನು ಹೆಗಲ ಮೇಲೆ ಹೊತ್ತುಕೊಂಡೇ ತುದಿಯವರೆಗೆ ಹತ್ತಿದೆವು.

ತಂತಿ, ಬ್ಯಾಟರಿ ಎಲ್ಲ ಸರಿಯಿದ್ದವು. ಪಾಪ, ಯಂತ್ರವನ್ನು ಎಷ್ಟು ಬೈದಿದ್ದೆ. ಆದರೂ ವಾಡಿಕೆಯಂತೆ ಹಿಮ ಅಳೆಯುವ ಕೊಳವೆಯನ್ನು ನೆಲಕ್ಕೆ ಚುಚ್ಚಿದೆ. ತುದಿಗೆ ಮಣ್ಣು ಹತ್ತಿದರೆ ತಳ ಮುಟ್ಟಿತು ಎಂದರ್ಥ. ಅದನ್ನು ಕೆರೆದು ಹಾಕಿ ಕೊಳವೆಯೊಳಗೆ ಉಳಿದ ಹಿಮವನ್ನು ತೂಗಬೇಕು. ಇಪ್ಪತ್ತೆರಡು ವರ್ಷದ ಅಭ್ಯಾಸ. ಚಾಕು ತೆಗೆದು ಕೆರೆದೆ. ಕೊಳವೆ ಖಾಲಿಯಾಯಿತು.

“ತೂಗಲ್ವೇನೇ?” ಅಂದ ವರ್ಲ್. ಈ ಸಲ ನಗಲಿಲ್ಲ.

ಖಾಲಿ ಕೊಳವೆಯನ್ನೇ ತೂಗಿದೆ. ‘ಯಂತ್ರ ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿದೆ. ಕಣಿವೆಯ ಜನ ಬೇಸಿಗೆಯಿಡೀ ಈ ಹಿಮ ಕರಗಿದ ನೀರನ್ನೇ ನಂಬಿದವರು.

ಸಂಜೆ ಕಚೇರಿಯ ಹೊಸ ಹುಡುಗಿ ಫೋನು ಮಾಡಿದಳು. “ರಿಪೇರಿ ಆಯ್ತಾ, ಲವಾನ್?”

“ಏನೂ ಕೆಟ್ಟಿಲ್ಲಮ್ಮ. ಯಂತ್ರ ಹೇಳಿದ್ದೇ ನಿಜ.”

“ಅಬ್ಬಾ, ಸದ್ಯ!” ಅಂದಳು.

ಬೆಟ್ಟದ ಮೇಲೆ ಹಿಮವೇ ಇಲ್ಲ ಎಂದು ಬಿಡಿಸಿ ಹೇಳದೆ ಫೋನಿಟ್ಟೆ.