ಗಡಿಯಾಚೆಯ ಮೂರನೇ ಅಂಕ

ಭಾನುವಾರ, ಬೆಳಗ್ಗೆ

ದೇಶದ ಅಧ್ಯಕ್ಷ ಪದವಿಗೆ ನಿಂತಿರುವ ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನಿನ್ನ ವಕೀಲ ಬಂದು ಹೋಗಿ ವಾರವಾದರೂ ಉತ್ತರ ಕೊಡಲಿಲ್ಲವೆಂದು ಮುನಿಸಿಕೊಂಡಿದ್ದೀಯ. ಮುನಿಸಿಕೋ, ನಿನಗೆ ಹಕ್ಕಿದೆ. ನಾನೇನು ಸುಮ್ಮನೆ ಕೂತಿದ್ದೆನೇ? ಬರೆಯಲು ಕೂರುತ್ತೇನೆ, ಏಳುತ್ತೇನೆ, ಕಿಟಕಿ ತೆಗೆಯುತ್ತೇನೆ, ಮುಚ್ಚುತ್ತೇನೆ. ಕೆಳಗಿನ ಮನೆಯವಳು ಮೆಟ್ಟಿಲ ಬಳಿ ನಿಂತು ಕೂಗುತ್ತಾಳೆ: "ಅಜ್ಜೀ, ಯಾವ ನಾಟಕದ ತಾಲೀಮು ಇದು? ನನ್ನ ತಲೆ ಮೇಲೆ ಸೈನ್ಯ ನಡೆಸ್ತಿದ್ದೀರಲ್ಲ!" ಮತ್ತೆ ಕೂತಿದ್ದೇನೆ. ಒಲೆಯ ಮೇಲೆ ಹಾಲು ಉಕ್ಕಿಹೋಯಿತು, ಹೋಗಲಿ.

ನಿನ್ನ ವಕೀಲ ಒಳ್ಳೆಯವನೇ. ಧ್ವನಿ ಮಾತ್ರ ಮೊದಲ ಸಾಲಿಗೂ ತಲುಪದು. "ಅಮ್ಮಾ, ಮಂತ್ರಿಯಾಗೋಕೆ ಅಪ್ಪ ಅಮ್ಮ ಈ ದೇಶದವರಾಗಿದ್ರೆ ಸಾಕಿತ್ತು. ಅಧ್ಯಕ್ಷರಾಗೋಕೆ ಹುಟ್ಟಿದ ನೆಲವೂ ಇದೇ ಆಗಿರ್ಬೇಕು, ಕಾನೂನು" ಅಂದ. "'ಆ ವರ್ಷ ನಾನು ಗಡಿ ದಾಟಲೇ ಇಲ್ಲ, ಮಗಳನ್ನ ಈಚೆ ಊರಲ್ಲೇ ಹೆತ್ತೆ' ಅಂತ ನೀವು ಪ್ರಮಾಣ ಮಾಡಿಬಿಡಿ. ಗಡಿಯೇನು ದೂರಾನಾ? ಕೂಗಳತೆ."

"ಕೂಗಳತೆ ಅಂತೀಯಲ್ಲಪ್ಪಾ, ನಾನು ಕೂಗಿದ್ದು ಆಚೆ ಕಡೆಯಿಂದ!" ಅಂದೆ. ಅವನು ನಗಲಿಲ್ಲ. ನನಗೇ ಮಾತು ಹೇಳಿಕೊಡಲು ಕೂತ. "ಸ್ವಲ್ಪ ಕಣ್ಣೀರು ಬಂದ್ರೆ ಒಳ್ಳೇದು" ಅಂತ ಹೇಳಿದನಮ್ಮಾ, ಯಾರಿಗೆ? ನನಗೆ!

ನೀನು ಹುಟ್ಟಿದ ಕಥೆ ನಿನಗೆ ಬಾಯಿಪಾಠ. ಆದರೂ ಕೇಳು. ನಮ್ಮ ನಾಟಕ ಕಂಪನಿ ಆಚೆ ದೇಶದಲ್ಲಿ ಮೊಕ್ಕಾಂ ಮಾಡಿತ್ತು. ಮೂರನೇ ಅಂಕ. ಕಿಕ್ಕಿರಿದ ಥಿಯೇಟರು. ನಿಮ್ಮಪ್ಪ ರಾಜ, ನಾನು ಬಸುರಿ ರಾಣಿ. ಹೊಟ್ಟೆಗೆ ದಿಂಬು ಕಟ್ಟುವ ಕೆಲಸ ತಪ್ಪಿತೆಂದು ಅವರಿಗೆ ಖುಷಿಯೋ ಖುಷಿ. ನೋವು ಬಂತು, ಚೀರಿದೆ. "ಆಹಾ, ಏನು ಅಭಿನಯ!" ಎಂದು ಚಪ್ಪಾಳೆ. ಗ್ಯಾಲರಿಯಿಂದ "ವನ್ಸ್ ಮೋರ್!" ಪರದೆ ಇಳಿಸಿದರು. ಅದರ ಹಿಂದೆಯೇ ನೀನು ಬಂದೆ. ಕಂಪನಿಯಲ್ಲಿ ಹುಟ್ಟಿದ ಕೂಸು ಮೊದಲು ಪ್ರೇಕ್ಷಕರ ಮುಖ ನೋಡಬೇಕು, ಅದು ನಮ್ಮ ಪದ್ಧತಿ. ಕಿರೀಟ, ಮೀಸೆ ಸಮೇತ ನಿಮ್ಮಪ್ಪ ನಿನ್ನನ್ನೆತ್ತಿಕೊಂಡು ಹೊರಗೆ ಹೋಗಿ ಜನಕ್ಕೆ ತೋರಿಸಿದರು.

ಇಡೀ ಥಿಯೇಟರೇ ಸಾಕ್ಷಿಯಾಗಿರುವಾಗ ಹೇಗೆ ಮುಚ್ಚುವುದು ಅಂತ ಫೋನಿನಲ್ಲಿ ನಿನ್ನನ್ನು ಕೇಳಿದೆ. "ಅವರೆಲ್ಲ ಸತ್ತಿರ್ತಾರೆ. ನಿನ್ನ ನಾಟಕ ಸಾಕು ಮಾಡಮ್ಮಾ" ಅಂತ ನೀನು ಫೋನ್ ಇಟ್ಟುಬಿಟ್ಟೆ.

ನಿನಗಿಂತ ಯೋಗ್ಯಳು ಈ ದೇಶಕ್ಕೆ ಸಿಗಲಾರಳು ಮಗಳೇ. ಮೈಮುರಿದು ದುಡಿದದ್ದನ್ನು ಬಿಟ್ಟು ಹೆರಿಗೆ ಎಲ್ಲಾಯಿತು ಎಂದು ಕೇಳುವ ಕಾನೂನಿಗೆ ಬುದ್ಧಿಯಿಲ್ಲ, ಒಪ್ಪಿದೆ. ಆದರೂ ನಾನು ಪ್ರಮಾಣ ಮಾಡುವುದಿಲ್ಲ. ಜೀವಮಾನವಿಡೀ ಸುಳ್ಳನ್ನೇ ಆಡಿ ಉಂಡವಳು ನಿಜ, ಆದರೆ ಬಣ್ಣ ಹಚ್ಚಿಕೊಂಡು. ಬರಿಮುಖದಲ್ಲಿ ಸುಳ್ಳಾಡಿ ಅಭ್ಯಾಸವಿಲ್ಲ. ಸಂಜೆ ವಕೀಲ ಬಂದಾಗ ಈ ಕಾಗದವನ್ನೇ ಕೊಟ್ಟು ಕಳಿಸುತ್ತೇನೆ.

ನೂರು ಕಾಲ ಬಾಳು. ಎಲ್ಲಿ ನಿಂತರೂ ನಿನ್ನ ಮಾತು ಕೊನೆಯ ಸಾಲಿನವರೆಗೂ ಕೇಳಲಿ.

ಇಂತಿ,
ಬೈಸಿಕೊಳ್ಳಲು ಸಿದ್ಧಳಾಗಿ ಕೂತಿರುವ ನಿನ್ನ ಅಮ್ಮ

ತಾ.ಕ.: ಬಣ್ಣ, ಬರಿಮುಖ, ಸಾಕ್ಷಿ, ಎಲ್ಲ ನೆಪ. ಬಾಯಿ ಬಿಡಬೇಡ ಎಂದಿದ್ದರು ನಿಮ್ಮಪ್ಪ. ಅವರು ಹೋದ ಮೇಲೂ ಬಿಟ್ಟಿರಲಿಲ್ಲ. ಅವರು ನಿನ್ನನ್ನು ಜನಕ್ಕೆ ತೋರಿಸುತ್ತಿದ್ದಾಗ ಪರದೆಯ ಹಿಂದೆ ಇನ್ನೊಂದು ಕೂಸು ಬಂತು. ಗಂಡು. ಹೊರಗೆ ಜನ ಇನ್ನೂ "ವನ್ಸ್ ಮೋರ್" ಎನ್ನುತ್ತಲೇ ಇದ್ದರು. ಅವನನ್ನು ಯಾರಿಗೂ ತೋರಿಸಲಿಲ್ಲ. ಬೆಳಗಾಗುವವರೆಗೆ ಉಸಿರಾಡಿದ. ಥಿಯೇಟರಿನ ಹಿಂದೆ, ಬೇಲಿಯ ಬದಿಯಲ್ಲಿ ಮಲಗಿಸಿದೆವು. ಅವನು ಹುಟ್ಟಿದ್ದನೆಂದು ಹೇಳಲು ಈಗ ಉಳಿದಿರುವವಳು ನಾನೊಬ್ಬಳೇ. ಆ ವರ್ಷ ಆ ನೆಲ ತುಳಿದೇ ಇಲ್ಲ ಅಂದುಬಿಟ್ಟರೆ, ಪುಟ್ಟೀ, ನಿನಗೊಂದು ದೇಶ ಸಿಗುತ್ತದೆ. ಅವನಿಗೆ ಅಮ್ಮನೂ ಇಲ್ಲದಂತಾಗುತ್ತದೆ.